ಫಿಟ್ಟರ್ ಕಾಕಾ

ಹಳೇ ಹುಬ್ಬಳ್ಳಿಯ ಓಣಿಗೊಬ್ಬ ಫಿಟ್ಟರ್ ಕಾಕಾ ಇದ್ದೇ ಇರುತ್ತಾರೆ. 1885ರಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಊರಿಗೆ ವರ್ಕ್‌ಶಾಪ್ ತಂದಂದಿನಿಂದ ಈ ಜನಕ್ಕೆ ಬರವಿಲ್ಲ. ನೌಕರಿಯುದ್ದಕ್ಕೂ ಬೋಗಿಯಡಿ ಮಲಗಿ ನಟ್ಟು ಬಿಗಿದವರಿಗೆ ರಿಟೈರ್ ಆದಮೇಲೆ ಇಡೀ ಓಣಿಯೇ ಬೋಗಿ. ಹೊಲಿಗೆ ಮಷಿನ್, ಮಿಕ್ಸರ್, ನೀರಿನ ಮೋಟರು, ಏನಾದರೂ ಸರಿ, ಕೆಟ್ಟಿರಬೇಕು ಅಷ್ಟೇ. ನೆಟ್ಟಗೆ ಓಡುವ ವಸ್ತುವಿನ ಮೇಲೆ ಅವರಿಗೆ ಕಿಂಚಿತ್ತೂ ಗೌರವವಿಲ್ಲ. ಅವರದೇ ಚೇತಕ್ ಸ್ಕೂಟರಿನ ಕಾರ್ಬೋರೇಟರ್ ಬಿಚ್ಚಿ ಎಷ್ಟೋ ದೀಪಾವಳಿ ಕಳೆದವು. ಜೆಟ್ ಒಂದು ಬಟ್ಟಲಲ್ಲಿ, ಫ್ಲೋಟ್ ಇನ್ನೊಂದರಲ್ಲಿ. ಆ ಬಟ್ಟಲುಗಳನ್ನು ವಾಪಸ್ ಕೇಳುವುದನ್ನು ಕಾಕೂ ಬಿಟ್ಟಿದ್ದಾರೆ.

ಇಂಥ ಕಾಕಾರ ಮಗ ಇಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋಗುತ್ತಾನೆ. ಮನೆ ಕೊಳ್ಳುತ್ತಾನೆ. ಮನೆಯ ಹಿಂದೆ ಎಕರೆಗಟ್ಟಲೆ ಹುಲ್ಲು, ಹುಲ್ಲಿನ ಹಿಂದೆ, ಮೇಲೆ ಕೂತು ಓಡಿಸುವ ಹುಲ್ಲು ಕತ್ತರಿಸೋ ಮಷಿನ್. ವಿಡಿಯೊ ಕಾಲಿನಲ್ಲಿ ಇದನ್ನೆಲ್ಲ ಕಂಡು ಮನೆ ಮುಂದಿನ ಕಟ್ಟೆಯವರೊಬ್ಬರು ಕೇಳಿದರು:

"ಇಷ್ಟ್ ಹುಲ್ಲ ಕೊಯ್ದು ಯಾರಿಗಿ ಹಾಕ್ತಿ? ಎಮ್ಮಿ ಎಲ್ಲ್ಯದ?"

"ಎಮ್ಮಿ ಇಲ್ಲಪ್ಪಾ. ಹುಲ್ಲು ಎತ್ತರ ಬೆಳದ್ರ ನೋಟಿಸ್ ಕೊಡ್ತಾರ, ದಂಡ ಹಾಕ್ತಾರ."

ಹುಲ್ಲು ಬೆಳೆದರೆ ದಂಡ! ಕಟ್ಟೆಯ ಮೇಲಿದ್ದವರಿಗೆ ಆ ಸಂಜೆಯ ಮಾತಿಗೆ ಇಷ್ಟೇ ಸಾಕಾಯಿತು. ಕಾಕಾ ಮಾತ್ರ ಮಾತಾಡಲಿಲ್ಲ. ಅವರ ಕಣ್ಣು ಫೋನಿನೊಳಗಿನ ಮಷಿನ್ ಮೇಲೆ ನೆಟ್ಟಿತ್ತು.

ಏಪ್ರಿಲ್ ಬಂತೆಂದರೆ ಅವರಿಗೆ ಸುಗ್ಗಿ. ಚಳಿಗಾಲವಿಡೀ ಶೆಡ್ಡಿನಲ್ಲಿ ನಿಂತ ಮಷಿನ್ನಿನ ಪೆಟ್ರೋಲ್ ಅಂಟಾಗಿ ಜೆಟ್ಟಿನ ತೂತು ಕಟ್ಟಿರುತ್ತದೆ. ಅಲ್ಲಿನ ಪೆಟ್ರೋಲಿನಲ್ಲಿ ನೂರಕ್ಕೆ 10 ಪಾಲು ಎಥೆನಾಲ್, ಅದು ಗಾಳಿಯೊಳಗಿನ ನೀರನ್ನೂ ಎಳೆದುಕೊಳ್ಳುತ್ತದೆ. "ನಮ್ಮಲ್ಲಿ ಈಗ 20 ಅದ" ಎನ್ನುವಾಗ ಕಾಕಾರ ದನಿಯಲ್ಲಿ ದೇಶಾಭಿಮಾನ.

ಅಲ್ಲಿ ಶನಿವಾರ ಮುಂಜಾನೆ, ಇಲ್ಲಿ ರೊಟ್ಟಿ ಬಡಿಯುವ ಹೊತ್ತು. ವಿಡಿಯೊ ಕಾಲ್ ಹತ್ತುತ್ತದೆ.

"ನಿನ್ನ ಮಾರಿ ಬ್ಯಾಡ, ಪ್ಲಗ್ ತೋರಸು."

ತುದಿ ಚಹಾದ ಬಣ್ಣ ಇದ್ದರೆ ಇಂಜಿನ್ ಆರಾಮ, ಕರ್ರಗಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಗಾಳಿ ಹೆಚ್ಚು. ಮೊಮ್ಮಗನನ್ನು ನೋಡಲೆಂದು ಹಿಂದೆ ಬಂದು ನಿಂತ ಕಾಕೂಗೆ ಕಾಣುವುದು ಬರೀ ಏರ್ ಫಿಲ್ಟರ್.

ಆದರೆ ಬ್ಲೇಡ್ ಹರಿತ ಮಾಡುವ ದಿನ ಕಾಕಾ ಬೇರೆಯೇ ಮನುಷ್ಯ. "ಪ್ಲಗ್ಗಿನ ವಾಯರ್ ಕಿತ್ತಿದೇನು? ತೋರಸು" ಎಂದು ನೋಡಿದ ಮೇಲೆಯೇ ಮಗ ಮಷಿನ್ನಿನಡಿ ಕೈ ಹಾಕಬೇಕು. ಬೆರಳು ಕಳೆದುಕೊಂಡವರನ್ನು ವರ್ಕ್‌ಶಾಪಿನಲ್ಲಿ ಕಂಡವರು ಅವರು. ಅರ ಹಾಕಿದ ಬ್ಲೇಡಿನ ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಬೇಕು. ಯಾವ ಕಡೆ ಇಳಿಯುತ್ತದೋ ಆ ಕಡೆ ಇನ್ನಷ್ಟು ಅರ. ತೂಕ ತಪ್ಪಿದರೆ ಮಷಿನ್ ನಡುಗುತ್ತದೆ, ಬೇರಿಂಗ್ ಹೋಗುತ್ತದೆ. ಮಗನ ಕಾಲೇಜು ಹೇಳಿಕೊಡದ್ದನ್ನು ಒಂದು ಮೊಳೆಯಲ್ಲಿ ಮುಗಿಸುತ್ತಾರೆ.

ಅವರಿಗೆ ಜೀರ್ಣವಾಗದ್ದು ಒಂದೇ, ಸೀಟು. ಮನುಷ್ಯ ಕೂತು ಬ್ರೇಕ್ ಒತ್ತದ ಹೊರತು ಮಷಿನ್ ಚಾಲೂ ಆಗುವುದಿಲ್ಲ. ಬ್ಲೇಡ್ ತಿರುಗುವಾಗ ಎದ್ದರೆ ತಾನೇ ಬಂದ್. ಸೀಟಿನಡಿ ಅದಕ್ಕೊಂದು ಸ್ವಿಚ್.

"ಸೀಟಿಗೂ ಇಂಜಿನ್ನಿಗೂ ಏನ್ ಸಂಬಂಧ? ನಾ ಚೇತಕ್ಕಿಗಿ ಬಾಜೂಕ ನಿಂತು ಕಿಕ್ ಹೊಡೀತಿದ್ದಿಲ್ಲೇನು?"

ಹೀಗಾಗಿ ಒಂದು ಶನಿವಾರ ಕೀಲಿ ತಿರುವಿದರೆ ಟಿಕ್ ಎನ್ನುವ ಸದ್ದೂ ಬರದಿದ್ದಾಗ, ಕಾಕಾ ಸೀಟೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬಿಚ್ಚಿಸಿದರು. ಬ್ಯಾಟರಿ ಟರ್ಮಿನಲ್ಲಿಗೆ ಅಡಿಗೆ ಸೋಡಾ, ಫ್ಯೂಸ್, ಪ್ಲಗ್. ಕಟ್ಟೆಯವರೂ ತಮಗೆ ತೋಚಿದ ರೋಗ ಹೇಳಿದರು. ಕೊನೆಗೆ ಸೊಸೆ ಬಂದು ಸೀಟೆತ್ತಿ ನೋಡಿದಳು. ವಾಯರನ್ನು ಇಲಿ ಕಡಿದಿತ್ತು. ಮಗ ಹೊಸ ತುಂಡು ಜೋಡಿಸಿ, ಕೂತು ಬ್ರೇಕ್ ಒತ್ತಿ ಕೀಲಿ ತಿರುವಿದ. ಮಷಿನ್ ಗುಡುಗಿತು.

"ನಾ ಅದನ್ನ ಹೇಳಾಂವಿದ್ದೆ" ಎಂದರು ಕಾಕಾ.

ಕಟ್ಟೆ ಚಪ್ಪಾಳೆ ತಟ್ಟಿತು, ಕಾಕೂ ಊಟಕ್ಕೆ ಕರೆದರು. ಕಾಕಾ ಮುಖ ಸಣ್ಣದು ಮಾಡಿಕೊಂಡು ಫೋನನ್ನು ಕಿವಿಗೆ ಹಚ್ಚಿ ಬಹಳ ಹೊತ್ತು ಕೇಳಿದರು. ನಿಧಾನಕ್ಕೆ ಕಳೆ ಮರಳಿತು.

"ತಮ್ಮಾ, ಬಂದ್ ಮಾಡು. ಆವಾಜ್ ಬರೋಬ್ಬರಿ ಇಲ್ಲ. ಬೆಲ್ಟ್ ಬಿಚ್ಚು."