ಗುತ್ತಿಗೆದಾರನೂ ಆನೆಯೂ

ಬೆಂಗಳೂರಿನ ನೌಕರಿಯ ದಾಸ್ಯವನ್ನು ತ್ಯಜಿಸಿ, ಸ್ವತಂತ್ರ ಸಾಫ್ಟ್‌ವೇರ್ ಗುತ್ತಿಗೆದಾರನಾದ ನನ್ನ ಭಾಗ್ಯೋದಯವನ್ನು, ದುಬಾರೆಯ ಕಾವೇರೀತೀರದಲ್ಲಿ ಆನೆಯ ಬೆನ್ನುಜ್ಜುತ್ತಿದ್ದ ಮಾವುತನಿಗೆ ಸವಿಸ್ತಾರವಾಗಿ ನಿವೇದಿಸುತ್ತಿದ್ದೆನು.

“ಸಂಬಳ ಎಷ್ಟು ಸ್ವಾಮಿ?”

“ಸಂಬಳವಲ್ಲಯ್ಯಾ, ಶುಲ್ಕ! ಕೊಡುವಾಗಲೇ ನೂರಕ್ಕೆ 10 ಮುರಿದುಕೊಳ್ಳುವರು. ವರ್ಷಕ್ಕೆ 20 ಲಕ್ಷ ಮೀರಿದರೆ ಜಿಎಸ್‌ಟಿ ಬೇರೆ. ಆದರೂ ಆದಾಯ ತೆರಿಗೆ ಕಾಯಿದೆಯು ಪರಮದಯಾಳು. ಗಳಿಕೆಯಲ್ಲಿ ಅರ್ಧವು ವೆಚ್ಚವಾಯಿತೆಂದು, ಲೆಕ್ಕಪುಸ್ತಕವನ್ನೂ ಕೇಳದೆ ನಂಬಿಬಿಡುವುದು.”

“ನಿಜಕ್ಕೂ ಖರ್ಚಾಗಿದ್ದು?”

“ವಾರಕ್ಕೊಮ್ಮೆ ಕುಶಾಲನಗರ, ಹುಣಸೂರು, ಮೈಸೂರುಗಳನ್ನು ದಾಟಿ ಬೆಂಗಳೂರಿನಲ್ಲಿ ಮುಖದರ್ಶನವೀಯಬೇಕಲ್ಲ! ಪೆಟ್ರೋಲು, ಟೋಲು, ಊಟ...”

“ನಮ್ಮಾನೆನೂ ದಸರೆಗೆ ಮೈಸೂರಿಗೆ ಹೋಗ್ತದೆ ಸ್ವಾಮಿ. ಸರ್ಕಾರದ ಲಾರಿ, ಬೆಲ್ಲ, ಮುದ್ದೆ ಎಲ್ಲ ಅವರದ್ದೇ. ಅರವತ್ತು ದಾಟಿದ್ರೆ ಅಂಬಾರಿನೂ ಹೊರಿಸಲ್ಲ.”

ನಾನು ಲ್ಯಾಪ್‌ಟಾಪನ್ನು ಮುಚ್ಚಿ, ಆನೆಯನ್ನು ಮೊದಲ ಬಾರಿಗೆ ಅಸೂಯೆಯಿಂದ ನೋಡಿದೆನು.