ಮಾಲೂರಿನ ಠೇವಣಿ

ನಿವೃತ್ತನಾದ ಮೇಲೆ ಆರು ವರ್ಷ ನನ್ನ ಆದಾಯ ತೆರಿಗೆಯ ರಿಟರ್ನ್ ಸಲ್ಲಿಸಿದವನು ಕೋಲಾರದ ಬಸ್ ಸ್ಟ್ಯಾಂಡ್ ಹತ್ತಿರದ ಒಬ್ಬ ಅಂಗಡಿಯ ಹುಡುಗ. ಜೆರಾಕ್ಸ್, ಪಾಸ್‌ಪೋರ್ಟ್ ಫೋಟೊ, ಪಹಣಿ, ಪ್ಯಾನ್ ಕಾರ್ಡ್, ಎಲ್ಲಾ ಅವನದೇ. ಜುಲೈ ಬಂತೆಂದರೆ ಫಾರ್ಮ್ 16 ಮತ್ತು 1,500 ರೂಪಾಯಿ ಅವನ ಕೈಗಿಟ್ಟು ಬರುತ್ತಿದ್ದೆ. ಏನೂ ಕೇಳುತ್ತಿರಲಿಲ್ಲ, ಏನೂ ಹೇಳುತ್ತಿರಲಿಲ್ಲ. ಅವನಲ್ಲಿ ನನಗೆ ಹಿಡಿಸಿದ್ದೇ ಅದು.

ಈ ಏರ್ಪಾಡಿಗೆ ಕಲ್ಲು ಹಾಕಿದವರು ಮುಳಬಾಗಿಲಿನ ನನ್ನ ಷಡ್ಡಕರು. ಅವರು ಟೊಮೆಟೊ ಬೆಳೆಯುವವರು. 2023ರ ಜುಲೈಯಲ್ಲಿ ಕೋಲಾರದ ಮಂಡಿಯಲ್ಲಿ ಹದಿನೈದು ಕಿಲೋ ಬಾಕ್ಸು ಎರಡು ಸಾವಿರ ದಾಟಿದಾಗ ಎಣಿಸಿದ ದುಡ್ಡಿಗೆ ಒಂದು ಪೈಸೆ ತೆರಿಗೆ ಕಟ್ಟಲಿಲ್ಲ. ಬೇಸಾಯದ ಆದಾಯಕ್ಕೆ ತೆರಿಗೆಯಿಲ್ಲವಲ್ಲ. (ರೇಟು ಬಿದ್ದ ವರ್ಷ ರಸ್ತೆ ಪಕ್ಕ ಹಣ್ಣು ಸುರಿದು ಬಂದದ್ದನ್ನು ಮಾತ್ರ ಯಾರೂ ನೆನೆಯುವುದಿಲ್ಲ.) ಅಂಥವರು ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಾ ನನ್ನಾಕೆಗೆ, ‘ಏನಕ್ಕಾ, ಗವರ್ನಮೆಂಟ್ ಸೈಟಲ್ಲಿ ಪುಕ್ಕಟೆ ಆಗೋ ಕೆಲಸಕ್ಕೆ ಮೇಷ್ಟ್ರು ಸಾವಿರದೈನೂರು ಕೊಡ್ತಾರಾ?’ ಅಂದುಬಿಟ್ಟರು.

‘ಹೌದೇನ್ರೀ?’ ಎಂದಳು. ಹೌದು. ಇಲಾಖೆಯ ಜಾಲತಾಣದಲ್ಲಿ ರಿಟರ್ನ್ ಸಲ್ಲಿಸಲು ಶುಲ್ಕವೇ ಇಲ್ಲ. ಪಿಂಚಣಿ, ಬಡ್ಡಿ ಇಷ್ಟೇ ಇರುವ ನನ್ನಂಥವರಿಗೆ ‘ಸಹಜ್’ ಎಂಬ ಫಾರಂ. ಅದರಲ್ಲಿ ಮುಕ್ಕಾಲು ಪಾಲು ಅವರೇ ತುಂಬಿಟ್ಟಿರುತ್ತಾರೆ. ಸರಿಯಿದೆಯೇ ಎಂದು ನೋಡಿ, ತಪ್ಪಿದ್ದರೆ ತಿದ್ದಬೇಕು. ಮೂವತ್ತೈದು ವರ್ಷ ಮಕ್ಕಳ ಉತ್ತರ ಪತ್ರಿಕೆ ತಿದ್ದಿದವನಿಗೆ ಅದೇನು ಮಹಾ?

ಆದರೂ ಮುಂದೂಡಿದೆ. 2025ರಲ್ಲಿ ಸರ್ಕಾರವೂ ನನ್ನ ಪಕ್ಷವೇ ಇತ್ತು: ಜುಲೈ 31ರ ಗಡುವನ್ನು ಸೆಪ್ಟೆಂಬರ್ 15ಕ್ಕೆ ತಳ್ಳಿತು. ಆ ದಿನ ಬಂದಾಗ ‘ತಪ್ಪಿದರೆ ತಡದ ಶುಲ್ಕ ಐದು ಸಾವಿರದವರೆಗೂ ಅಂತೆ’ ಎಂದು ನನ್ನಾಕೆಯೇ ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲಿಟ್ಟು, ಹುರುಳಿಕಾಯಿ ಬಿಡಿಸುತ್ತಾ ಪಕ್ಕದಲ್ಲೇ ಕೂತಳು.

ಮೊದಲ ತೊಡಕು ಮಾವಿನದು. ಸಹಜ್‌ನಲ್ಲಿ ಕೃಷಿ ಆದಾಯ ಐದು ಸಾವಿರ ಮೀರುವಂತಿಲ್ಲ. ಶ್ರೀನಿವಾಸಪುರದ ತೋಟ ಅಣ್ಣನ ಹೆಸರಿನಲ್ಲಿದೆ, ನನಗೆ ವರ್ಷಕ್ಕೆ ಎರಡು ಕ್ರೇಟು ಬಾದಾಮಿ ಬರುತ್ತದೆ. ಅದಕ್ಕೆ ಬೆಲೆ ಕಟ್ಟಬೇಕೇ ಎಂದು ಫೋನ್ ಮಾಡಿದೆ. ‘ತಿಂದ ಹಣ್ಣಿಗೂ ಲೆಕ್ಕ ಬರೀತೀಯೇನೋ? ಹಂಗಾದ್ರೆ ಮುಂದಿನ ವರ್ಷ ಕಳಿಸಲ್ಲ ಬಿಡು’ ಎಂದ. ಸೊನ್ನೆ ಹಾಕಿದೆ.

ಎರಡನೆಯದು, ನಮ್ಮ ಆದಾಯದ ಬಗ್ಗೆ ಇಲಾಖೆ ಬರೆದಿಟ್ಟ ವಾರ್ಷಿಕ ಮಾಹಿತಿ ಪಟ್ಟಿ. ಇಳಿಸಿಕೊಂಡರೆ ಬೀಗ. ಅದರ ಕೀಲಿ ಪ್ಯಾನ್ ಸಂಖ್ಯೆ, ಅದೂ ಸಣ್ಣ ಅಕ್ಷರದಲ್ಲಿ, ಹಿಂದೆಯೇ ಹುಟ್ಟಿದ ತಾರೀಖು. ದೊಡ್ಡ ಅಕ್ಷರದಲ್ಲಿ ಮೂರು ಸಲ ಹೊಡೆದು ಸೋತಾಗ ಹುರುಳಿಕಾಯಿ ಬುಟ್ಟಿಯ ಕಡೆಯಿಂದಲೇ ಸಲಹೆ ಬಂತು. ತೆರೆಯಿತು. ಆಗ ನೆನಪಾಯಿತು, ಅದನ್ನು ತೆರೆಯಬಾರದಿತ್ತು.

ಕೋಲಾರ ಬೆಟ್ಟದ ಅಂತರಗಂಗೆಯ ಕಲ್ಲು ಬಸವನ ಬಾಯಿಗೆ ನೀರು ಎಲ್ಲಿಂದ ಬರುತ್ತದೋ ನಮ್ಮೂರಲ್ಲಿ ಯಾರಿಗೂ ಗೊತ್ತಿಲ್ಲ. ನನ್ನ ಬಡ್ಡಿ ಎಲ್ಲಿಂದ ಬರುತ್ತದೆಂದು ಇಲಾಖೆಗೆ ಚೆನ್ನಾಗಿ ಗೊತ್ತು. ಸಾಲಾಗಿ ಬರೆದಿತ್ತು: ಬ್ಯಾಂಕಿನ ಹೆಸರು, ಠೇವಣಿ ಬಡ್ಡಿ 62,000, ಮೂಲದಲ್ಲೇ ಕತ್ತರಿಸಿದ ತೆರಿಗೆ 6,200.

‘ಇದ್ಯಾವ ಬ್ಯಾಂಕು? ನಮ್ಮದು ಇದಲ್ವಲ್ಲ.’

‘ಮಾಲೂರಿನದು’ ಎಂದೆ. ಅಲ್ಲಿ ಹನ್ನೆರಡು ವರ್ಷ ಮೇಷ್ಟ್ರಾಗಿದ್ದೆ. ಪಾಠ ಹೇಳಿದ ಹುಡುಗನೇ ಆ ಬ್ಯಾಂಕಿನಲ್ಲಿದ್ದ, ದಾಕ್ಷಿಣ್ಯಕ್ಕೆ ಒಂದು ಠೇವಣಿ ಇಟ್ಟಿದ್ದೆ. ದಾಕ್ಷಿಣ್ಯ ಹತ್ತು ವರ್ಷದಲ್ಲಿ ಒಂಬತ್ತು ಲಕ್ಷ ಆಗಿತ್ತು. ಅವಳು ಹುರುಳಿಕಾಯಿಯ ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ, ಇನ್ನೂ ನಿಧಾನವಾಗಿ ತೆಗೆದಳು. ಅಂಗಡಿಯ ಹುಡುಗನಿಗೆ ನಾನು ಕೊಡುತ್ತಿದ್ದ 1,500 ಯಾವುದರ ಬಾಬ್ತು ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

ಮಿಕ್ಕಿದ್ದು ಬೇಗ ಮುಗಿಯಿತು. ಪಿಂಚಣಿ, ಬಡ್ಡಿ ಕೂಡಿದರೂ, 75,000ದ ವಿನಾಯಿತಿ ಕಳೆದ ಮೇಲೆ ಹೊಸ ಪದ್ಧತಿಯಲ್ಲಿ ಆಗಿದ್ದ ಏಳು ಲಕ್ಷದ ಗೆರೆಯ ಒಳಗೇ ಇದ್ದೆ. ತೆರಿಗೆ ಸೊನ್ನೆ, ಕತ್ತರಿಸಿದ್ದೆಲ್ಲ ವಾಪಸ್. ಸಲ್ಲಿಸಿದ ಮೇಲೆ ದೃಢೀಕರಿಸಲು ಓಟಿಪಿ ಬೇಕು. ಆಧಾರಿಗೆ ಜೋಡಿಸಿದ್ದು ಬೆಂಗಳೂರಿನ ಮಗನ ನಂಬರು, ಅವನು ಮೀಟಿಂಗಿನಲ್ಲಿದ್ದ. ಮೂವತ್ತು ದಿನದ ಅವಕಾಶ ಇದೆಯಲ್ಲ ಎಂದು ಮಲಗಿದೆ. ರಾತ್ರಿ ಹನ್ನೊಂದಕ್ಕೆ ಮಗನೇ ಫೋನ್ ಮಾಡಿ, ಹೊಸದಾಗಿ ಓಟಿಪಿ ತರಿಸಿ ಆರು ಅಂಕಿ ಹೇಳಿ, ‘ಅಪ್ಪಾ, ಮಾಲೂರಿನಲ್ಲಿ ಏನೋ ಇದೆಯಂತೆ?’ ಎಂದ. ಅಷ್ಟರಲ್ಲಾಗಲೇ ಸುದ್ದಿ ಬೆಂಗಳೂರು ಮುಟ್ಟಿತ್ತು. ಅದೇ ರಾತ್ರಿ ಸರ್ಕಾರ ಗಡುವನ್ನು ಇನ್ನೂ ಒಂದು ದಿನ ಮುಂದಕ್ಕೆ ಹಾಕಿತು. ನನಗೇನು ಪ್ರಯೋಜನ?

ಹಿಂದಿನ ವರ್ಷದ ಏಪ್ರಿಲ್‌ನಲ್ಲೇ ಬ್ಯಾಂಕಿಗೆ ಫಾರ್ಮ್ 15ಎಚ್ ಕೊಟ್ಟಿದ್ದರೆ ಆ 6,200 ಕತ್ತರಿಸುತ್ತಲೇ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ನನ್ನಾಕೆಗೆ ಹೇಳಿದೆ. ‘ಕೊಡಬೇಡಿ’ ಎಂದಳು. ಮರುಪಾವತಿ ಬಂದದ್ದು ಅಕ್ಟೋಬರಿನಲ್ಲಿ. ಅದು ಈಗ ಅವಳ ಖಾತೆಯಲ್ಲಿದೆ. ಠೇವಣಿ ಮಾತ್ರ ಮಾಲೂರಿನಲ್ಲೇ ಇದೆ, ಜಂಟಿ ಹೆಸರಿನಲ್ಲಿ.