‘ಎಂಟು ಜಿಬಿ ನಾನು, ಮರ್ಯಾದೆ ಕೊಟ್ಟು ಮಾತಾಡಿ’

ರಾಜಗೋಪಾಲನಗರ ಮುಖ್ಯರಸ್ತೆ ಬಿಟ್ಟು ಪೀಣ್ಯದ ಕಡೆ ತಿರುಗಿದರೆ ಸಾಲಾಗಿ ಲೇತ್ ವರ್ಕ್‌ಶಾಪುಗಳು. ಅಂಥದೊಂದರಲ್ಲಿ, ಮೆಷೀನ್ ಪಕ್ಕದ ಮೊಳೆಗೆ ತೂಗುಹಾಕಿದ, ಕೂಲೆಂಟ್ ಎಣ್ಣೆ ಮೆತ್ತಿದ ಪುಟ್ಟ ಮ್ಯೂಸಿಕ್ ಪ್ಲೇಯರಿನ ಒಳಗೆ ನಮ್ಮ ಅತಿಥಿಯ ವಾಸ. ಉದ್ದ 15 ಮಿ.ಮೀ., ಅಗಲ 11, ದಪ್ಪ 1. ಈ ಅಳತೆಯವರಿಗೆ ಇಷ್ಟು ಠೇಂಕಾರ ಇರಬಹುದೆಂದು ನಾವು ಊಹಿಸಿರಲಿಲ್ಲ. ಸೆಕೆಂಡ್ ಶಿಫ್ಟಿನವರು ಪಂಚ್ ಮಾಡುವ ಮೊದಲು ನಡೆದ ಮಾತುಕತೆ ಇದು.

ತಮ್ಮ ಪರಿಚಯ?

ಮೈಕ್ರೋ ಎಸ್‌ಡಿ. ಎಂಟು ಜಿಬಿ. ಮನೆತನ ದೊಡ್ಡದು. 1999ರಲ್ಲಿ ಸ್ಯಾನ್‌ಡಿಸ್ಕ್, ಪ್ಯಾನಸಾನಿಕ್, ತೋಷಿಬಾ ಮೂವರೂ ಕೂತು ಎಸ್‌ಡಿ ವಂಶ ಶುರು ಮಾಡಿದರು. ನಮ್ಮ ಕವಲು 2004ರಲ್ಲಿ ಟ್ರಾನ್ಸ್‌ಫ್ಲಾಶ್ ಅಂತ ಹುಟ್ಟಿ, ಮರುವರ್ಷ ಹೆಸರು ಬದಲಾಯಿಸಿಕೊಂಡಿತು. ಬೆಂಗಳೂರಲ್ಲಿ ಸರ್ಕಲ್‌ಗಳೇ ಹೆಸರು ಬದಲಾಯಿಸುತ್ತವೆ, ನಮಗೇನು ರೋಗ?

ಎಂಟು ಜಿಬಿ ಅಂತೀರಿ. ಕಂಪ್ಯೂಟರಿಗೆ ಹಾಕಿದರೆ ಏಳು ಚಿಲ್ಲರೆ ತೋರಿಸುತ್ತಲ್ಲ?

ಕಂಪನಿಯವರು ಸಾವಿರದ ಲೆಕ್ಕ ಹಾಕ್ತಾರೆ, ಕಂಪ್ಯೂಟರು 1024ರ ಲೆಕ್ಕ ಹಾಕುತ್ತೆ. ಫ್ಲ್ಯಾಟ್ ಕೊಳ್ಳೋವಾಗ ಸೂಪರ್ ಬಿಲ್ಟಪ್ ಏರಿಯಾಕ್ಕೆ ದುಡ್ಡು ಕೊಟ್ಟು ಕಾರ್ಪೆಟ್ ಏರಿಯಾದಲ್ಲಿ ಬದುಕೋರು ನೀವು. ನನ್ನ ಅರ್ಧ ಜಿಬಿಗೆ ಯಾಕೆ ಸಂಕಟ?

ಈಗ ಎಲ್ಲರೂ 64, 128 ಅಂತಿದ್ದಾರೆ. ನಿಮ್ಮದು ಕಮ್ಮಿ ಆಗಲಿಲ್ಲವೇ?

ಲೆಕ್ಕ ಬರುತ್ತಾ? 128 ಕೆಬಿಪಿಎಸ್ ಎಂಪಿತ್ರೀ ಅಂದರೆ ನಿಮಿಷಕ್ಕೆ ಸುಮಾರು ಒಂದು ಎಂಬಿ. ಹಾಡಿಗೆ ಐದು ನಿಮಿಷ ಹಿಡೀರಿ. ನನ್ನೊಳಗೆ ಸಾವಿರದೈನೂರಕ್ಕೂ ಹೆಚ್ಚು ಹಾಡು. ಹಗಲು ರಾತ್ರಿ ಕೇಳಿದರೂ ಐದು ದಿನ ದಾಟುತ್ತೆ. 64 ಜಿಬಿ ಮುಗಿಸೋಕೆ ಒಂದೂವರೆ ತಿಂಗಳು ನಿದ್ದೆಗೆಡಬೇಕು. ಇಲ್ಲಿ ಏನಾಗುತ್ತೆ ಗೊತ್ತಾ? ನಮ್ಮ ಆಪರೇಟರು ಬೆಳಿಗ್ಗೆ ಒಂದು ಮಂಜುನಾಥಸ್ವಾಮಿ ಹಾಡು, ಆಮೇಲೆ ರಾಜಕುಮಾರ್, ಊಟ ಆದ ಮೇಲೆ ಜವಾರಿ ಜಾನಪದ. ಅದೇ ಇಪ್ಪತ್ತು ಹಾಡು. ಮಿಕ್ಕವು ನನ್ನೊಳಗೆ ಬಾಡಿಗೆ ಇಲ್ಲದೆ ಕೂತಿವೆ.

ಹಾಡುಗಳ ಅನುಕ್ರಮ ಹಾಗೆ ಯಾಕೆ? ಭಕ್ತಿಗೀತೆ ಮುಗಿದ ಕೂಡಲೇ ಐಟಂ ಸಾಂಗು!

ಈ ಅಗ್ಗದ ಪ್ಲೇಯರಿಗೆ ಅಕ್ಷರಮಾಲೆ ಗೊತ್ತಿಲ್ಲ. ಯಾವ ಹಾಡು ಮೊದಲು ಕಾಪಿ ಆಯ್ತೋ ಅದು ಮೊದಲು. ಹಾಡು ತುಂಬಿಸಿದ ಮೊಬೈಲ್ ಅಂಗಡಿ ಹುಡುಗ ಅವತ್ತು ಮೌಸನ್ನು ಹೇಗೆ ಎಳೆದನೋ ಹಾಗೆ. ಸಂಗೀತ ನಿರ್ದೇಶಕ ಅಂದರೆ ಅವನೇ.

ಹಾಡಿದವರ ಹೆಸರು?

ಯಾವುದೋ ವೆಬ್‌ಸೈಟಿನದು! ಗಾಯಕರ ಜಾಗದಲ್ಲೂ ಅದೇ, ಆಲ್ಬಂ ಜಾಗದಲ್ಲೂ ಅದೇ. ಕನ್ನಡದಲ್ಲಿ ಬರೆದಿದ್ದರೆ ಚೌಕ ಚೌಕ ಡಬ್ಬಿ. ಕೇಳಿ, 1902ರಲ್ಲಿ ಕಲ್ಕತ್ತಾದಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದಾಗ ಗ್ರಾಮಫೋನ್ ತಟ್ಟೆಯ ಒಂದು ಮುಖಕ್ಕೆ ಸಿಕ್ಕಿದ್ದು ಮೂರು ನಿಮಿಷ. ಅಷ್ಟರೊಳಗೆ ರಾಗ ಕೂರಿಸಿ, ಕೊನೆಯಲ್ಲಿ ತನ್ನ ಹೆಸರನ್ನೂ ಕೂಗಿ ಹೇಳ್ತಿದ್ದಳು, ತಟ್ಟೆಗೆ ಚೀಟಿ ಅಂಟಿಸೋರಿಗೆ ಗೊತ್ತಾಗಲಿ ಅಂತ. ಆಕೆ ಕೊನೆಗೆ ನಮ್ಮ ಮೈಸೂರಿಗೇ ಬಂದು, ಅರಮನೆಯ ಆಶ್ರಯದಲ್ಲಿದ್ದು, 1930ರಲ್ಲಿ ಅಲ್ಲೇ ತೀರಿಕೊಂಡಳು. ಮೂರು ನಿಮಿಷದಲ್ಲಿ ಹೆಸರಿಗೆ ಜಾಗ ಇತ್ತು. ಎಂಟು ಜಿಬಿಯಲ್ಲಿ ಇಲ್ಲ.

ಹೀಗೆ ತುಂಬಿಸಿದ ಹಾಡಿಗೆ ಬರೆದವರಿಗೆ, ಹಾಡಿದವರಿಗೆ ಕಾಸೇನಾದರೂ…

ಮುಂದಿನ ಪ್ರಶ್ನೆ.

‘ಕ್ಲಾಸ್ 10’ ಕಾರ್ಡಿನಲ್ಲಿ ಹಾಡು ಚೆನ್ನಾಗಿ ಕೇಳಿಸುತ್ತದಂತೆ?

(ಜೋರು ನಗು.) ಅದು ಸೆಕೆಂಡಿಗೆ ಕನಿಷ್ಠ ಹತ್ತು ಎಂಬಿ ಬರೆದುಕೊಳ್ಳೋ ವೇಗ. ವಿಡಿಯೊ ತೆಗೆಯೋರಿಗೆ ಬೇಕು. 320 ಕೆಬಿಪಿಎಸ್ ಹಾಡಿಗೂ ಸೆಕೆಂಡಿಗೆ 40 ಕೆಬಿ ಸಾಕು, ಅಂದರೆ ಅದರ 250ರಲ್ಲಿ ಒಂದು ಪಾಲು. ಸ್ಪೀಕರು ಹರಿದಿದ್ದರೆ ಯಾವ ಕ್ಲಾಸಿನವನೂ ಏನೂ ಮಾಡಲಾರ.

ನಿಮ್ಮ ಜಾತಿಯಲ್ಲಿ ನಕಲಿಗಳು ಹೆಚ್ಚಂತೆ.

ಬೇಜಾರಿನ ವಿಷಯ. ಎಂಟು ಜಿಬಿಯ ಬಡಪಾಯಿಯನ್ನು ಹಿಡಿದು, ಕಂಟ್ರೋಲರ್ ಚಿಪ್ಪಿಗೆ ‘ನಾನು 128’ ಅಂತ ಸುಳ್ಳು ಬಾಯಿಪಾಠ ಮಾಡಿಸ್ತಾರೆ. ಕಂಪ್ಯೂಟರು ನಂಬುತ್ತೆ, ನೀವೂ ನಂಬ್ತೀರಿ. ಜಾಗ ತುಂಬಿದ ಮೇಲೆ ಬಂದ ಹಾಡು ಹಳೆಯದರ ತಲೆ ಮೇಲೆ ಕೂರುತ್ತೆ, ಇಲ್ಲಾ ಗಾಳಿಗೆ ಹೋಗುತ್ತೆ. ಪಟ್ಟಿಯಲ್ಲಿ ಹೆಸರಿರುತ್ತೆ, ಆಸಾಮಿ ಇರಲ್ಲ. ಎಚ್2ಟೆಸ್ಟ್‌ಡಬ್ಲ್ಯೂ ಅಂತ ಪುಕ್ಕಟೆ ತಂತ್ರಾಂಶ ಇದೆ, ಕಾರ್ಡಿನ ತುಂಬ ಬರೆದು, ಮತ್ತೆ ಓದಿ, ಬಣ್ಣ ಬಯಲು ಮಾಡುತ್ತೆ.

ಅಸಲಿ 64 ಜಿಬಿ ತಂದರೂ ‘ನೋ ಫೈಲ್’ ಅನ್ನುತ್ತಲ್ಲ ಕೆಲವು ಪ್ಲೇಯರ್?

32 ದಾಟಿದವರೆಲ್ಲ ಎಸ್‌ಡಿಎಕ್ಸ್‌ಸಿ, ಎಕ್ಸ್‌ಫ್ಯಾಟ್ ಪದ್ಧತಿಯಲ್ಲಿ ಬರ್ತಾರೆ. ಹಳೇ ಪ್ಲೇಯರಿಗೆ ಆ ಲಿಪಿ ಓದೋಕೆ ಬರಲ್ಲ. ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿಸಿದರೆ ಎಷ್ಟೋ ಸಲ ಬಾಯಿಬಿಡುತ್ತೆ. ಜನ ಅದನ್ನು ಬಿಟ್ಟು ಕಾರ್ಡನ್ನು ಅಂಗಿಗೆ ಉಜ್ಜಿ ಉಜ್ಜಿ ಹಾಕ್ತಾರೆ.

ಈ ಮೆಷೀನಿನ ಗಡಗಡದಲ್ಲಿ ತಮಗೆ ತೊಂದರೆ ಇಲ್ಲವೇ?

ನನ್ನೊಳಗೆ ತಿರುಗೋ ಭಾಗವೇ ಇಲ್ಲ ಸ್ವಾಮಿ. ಆದರೆ ಅಮರ ಅಂದ್ಕೋಬೇಡಿ. ನನ್ನ ನೆನಪು ಅಂದರೆ ಹಿಡಿದಿಟ್ಟ ವಿದ್ಯುದಂಶ, ವರ್ಷಗಟ್ಟಲೆ ಡ್ರಾಯರಿನಲ್ಲಿ ಹಾಕಿಟ್ಟರೆ ಮೆಲ್ಲಗೆ ಸೋರುತ್ತೆ. ಅಜ್ಜಿ ಹಾಡಿದ ಸೋಬಾನೆ ಪದ ಇದ್ದರೆ ಇನ್ನೊಂದು ಕಡೆಯೂ ಇಟ್ಟಿರಿ.

ಕೊಳ್ಳುವವರು ಏನು ನೋಡಬೇಕು?

ಪ್ಲೇಯರ್ ಜೇಬಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ. ಅದು ಎಷ್ಟು ಜಿಬಿವರೆಗೆ ಓದುತ್ತೆ ಅಂತ ಡಬ್ಬದ ಮೇಲೆ ಬರೆದಿರುತ್ತೆ, ಓದಿ. ಕಾರ್ಡು ಭರ್ತಿ ಮಾಡಿಸಿ, ಕೊನೇ ಹಾಡನ್ನು ಅಲ್ಲೇ ಕೇಳಿ. ಬಿಲ್ ಕೇಳಿ. ಬಿಲ್ ಅಂದ ತಕ್ಷಣ ಅಂಗಡಿಯವನ ಮುಖ ನೋಡಿ, ಎಚ್2ಟೆಸ್ಟ್‌ಡಬ್ಲ್ಯೂಗಿಂತ ಬೇಗ ಫಲಿತಾಂಶ ಬರುತ್ತೆ. ಇನ್ನೊಂದು ಮಾತು, ಇದುವರೆಗೆ ಯಾರಿಗೂ ಹೇಳಿಲ್ಲ, ಅದೇನಪ್ಪಾ ಅಂದರೆ…

(ಸೂಪರ್‌ವೈಸರ್ ಬಂದು ‘ಮೋಡ್’ ಗುಂಡಿ ಒತ್ತಿದರು. ಎಫ್‌ಎಂ ಹತ್ತಿಕೊಂಡಿತು: ತುಮಕೂರು ರಸ್ತೆಯಲ್ಲಿ, ಮೆಟ್ರೋಗೆ ಐದೇ ನಿಮಿಷದ ದೂರದಲ್ಲಿ, ಎರಡು ಬೆಡ್‌ರೂಮಿನ ಫ್ಲ್ಯಾಟುಗಳು.)